ಈಗ ಬೆಳಗಾತೇನು?

ಹಾನಗಲ್ ಕಡೆಯ ಒಂದು ಸರ್ಕಾರಿ ಶಾಲೆ ಎಂದುಕೊಳ್ಳಿ. ಪ್ರಾರ್ಥನೆ ಮುಗಿದ ಮೇಲೆ ಹುಡುಗನೊಬ್ಬ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ‘ಏನಪಾ ಸಾಹೇಬ, ಈಗ ಬೆಳಗಾತೇನು?’ ಎನ್ನುತ್ತಾರೆ ಅಕ್ಕೋರು. ‘ಇಲ್ರೀ, ಆಗಲೇ ಆಗೇತ್ರಿ.’ ಮಕ್ಕಳು ಗೊಳ್ಳೆಂದು ನಗುತ್ತವೆ. ಅಕ್ಕೋರ ಕಿವಿಗೆ ಅದು ಎದುರುತ್ತರ. ಹುಡುಗನಿಗೆ ಆಟಿಸಂ ಇದ್ದರೆ, ಅವನು ಕೇಳಿದ್ದಕ್ಕೆ ನೆಟ್ಟಗೆ ಹೇಳಿದ್ದಾನೆ, ಅಷ್ಟೇ.

ತಪ್ಪಿದ್ದು ಯಾರು? ಹುಡುಗನತ್ತ ಬೆರಳು ಮಾಡುತ್ತದೆ ಒಂದು ಹಳೆಯ ಪ್ರಯೋಗ. 1985ರಲ್ಲಿ ಮನೋವಿಜ್ಞಾನಿಗಳಾದ ಬ್ಯಾರನ್-ಕೋಹೆನ್, ಲೆಸ್ಲಿ, ಊಟಾ ಫ್ರಿತ್ ಮಕ್ಕಳ ಮುಂದೆ ಎರಡು ಗೊಂಬೆ ಇಟ್ಟರು. ಸ್ಯಾಲಿ ಬುಟ್ಟಿಯಲ್ಲಿ ಗೋಲಿ ಇಟ್ಟು ಹೊರಗೆ ಹೋಗುತ್ತಾಳೆ. ಆ್ಯನ್ ಅದನ್ನು ಡಬ್ಬಿಗೆ ಹಾಕುತ್ತಾಳೆ. ಮರಳಿದ ಸ್ಯಾಲಿ ಎಲ್ಲಿ ಹುಡುಕುತ್ತಾಳೆ? ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಕ್ಕಳು ತಪ್ಪಿದರು. ಪರರ ಮನಸ್ಸನ್ನು ಊಹಿಸುವುದೇ ಇವರಿಗೆ ಕಷ್ಟ ಎಂಬ ಸಿದ್ಧಾಂತಕ್ಕೆ ಅದು ಬುನಾದಿ. 2012ರಲ್ಲಿ, ಸ್ವತಃ ಆಟಿಸಂ ಇರುವ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ ಆ ವಾದವನ್ನೇ ತಿರುಗಿಸಿದರು: ಅರ್ಥವಾಗದಿರುವುದು ಎರಡೂ ಕಡೆಗೆ.

ನಮ್ಮ ತರಗತಿಗೆ ಮಿಲ್ಟನ್ ಮಾತೇ ಹೆಚ್ಚು ಹೊಂದುತ್ತದೆ. ಅಲ್ಲಿನ ಮಾತುಕತೆ ನಿಜಕ್ಕೂ ವಿಚಿತ್ರ. ಸೀಮೆಸುಣ್ಣ ಎತ್ತಿ ಹಿಡಿದು ‘ಇದೇನು?’ ಎಂದು ಕೇಳುವವರಿಗೆ ಉತ್ತರ ಮೊದಲೇ ಗೊತ್ತು. ‘ತಿಳೀತೇನ್ರೋ?’ ಎಂದರೆ ತಿಳಿಯದವರೂ ‘ಹೂಂರೀ’ ಎನ್ನಬೇಕು. ಈ ಆಟದ ನಿಯಮವನ್ನು ಯಾರೂ ಬಾಯಿಬಿಟ್ಟು ಹೇಳಿಕೊಡುವುದಿಲ್ಲ. ಸವಣೂರಿನಲ್ಲಿ ಮನೆಯಲ್ಲಿ ಉರ್ದು ಆಡುವ, ತಾಂಡಾದಲ್ಲಿ ಲಂಬಾಣಿ ಆಡುವ ಮಗು ತಡವರಿಸಿದರೆ, ಒಳ್ಳೆಯ ಅಕ್ಕೋರು ಅದರ ಭಾಷೆಯ ನಾಲ್ಕು ಶಬ್ದ ತಾವೇ ಕಲಿಯುತ್ತಾರೆ. ಮಗುವಿನ ತಲೆಯಲ್ಲೇ ಕೊರತೆ ಇದೆ ಎನ್ನುವುದಿಲ್ಲ. ಅದೇ ಔದಾರ್ಯ ಆ ಹುಡುಗನಿಗೆ ಏಕಿಲ್ಲ?

ಆದರೂ ಎಲ್ಲವೂ ಪರಸ್ಪರ ಅರ್ಥವಾಗದ್ದರಿಂದಲೇ ಆಗುವುದಲ್ಲ. ಬಿಸಿಯೂಟದ ತಟ್ಟೆಗಳ ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಗುವಿಗೆ ಬೇಕಾದದ್ದು ಶಾಂತವಾದ ಮೂಲೆ. ನಲಿ-ಕಲಿ ಪದ್ಧತಿಗೂ ಎರಡು ಮುಖ: ಚಿತ್ರದ ಕಾರ್ಡು, ಕಲಿಕಾ ಏಣಿಯಲ್ಲಿ ತನ್ನ ವೇಗಕ್ಕೆ ಏರುವ ಅವಕಾಶ ಅಂಥ ಮಗುವಿಗೆ ವರ, ಅದರ ಗದ್ದಲ ಶಾಪ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಹೆಸರಿಸಿದೆ; ಸಂಪನ್ಮೂಲ ಶಿಕ್ಷಕರು ಬಂದು ಹೋಗುತ್ತಾರೆ. ಉಳಿದ ದಿನವೆಲ್ಲ ಇರುವುದು ಅಕ್ಕೋರು, ಅವರ ಮಾತು.

ಅವರು ‘ಯಾಕ ತಡಾ ಆತು?’ ಎಂದಷ್ಟೇ ಕೇಳಿದ್ದರೆ ಉತ್ತರ ಹುಡುಗನ ಬಾಯಲ್ಲೇ ಇತ್ತು: ‘ಬಸ್ ಪಂಕ್ಚರ್ ಆಗಿತ್ರೀ.’