ಕೊಬ್ಬು ಯಾರಿಗೆ?

ಹಾಸ್ಟೆಲ್ ಹುಡುಗರು ಊಟ ಸರಿಯಿಲ್ಲ ಎಂದು ತಟ್ಟೆ ಹಿಡಿದು ಬೀದಿಗೆ ಬಂದರೆ ಸಾಕು, 'ಸರ್ಕಾರದ ಬಿಟ್ಟಿ ಕೂಳು ತಿಂದು ಕೊಬ್ಬಿದ್ದಾರೆ ನನ್ಮಕ್ಳು' ಅನ್ನುವ ಮಾತು ಬರುತ್ತದೆ. ನಾವೆಲ್ಲ ಕೇಳಿದ ಮಾತೇ. ಗೆಳೆಯರೇ, ಕೋಪ ಆಮೇಲೆ. ಮೊದಲು ಲೆಕ್ಕ ಹಾಕೋಣ. ಆ ಕೂಳಿನಲ್ಲಿ ಕೊಬ್ಬು ಎಷ್ಟಿದೆ?

100 ಗ್ರಾಂ ಬಿಳಿ ಅಕ್ಕಿಯಲ್ಲಿ ಪಿಷ್ಟ ಸುಮಾರು 78 ಗ್ರಾಂ. ಕೊಬ್ಬು 1 ಗ್ರಾಂ ಕೂಡ ಇಲ್ಲ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಮೇಲೆ ಹುಯ್ಯುವ ಸಾರಿನಲ್ಲಿ ಬೇಳೆ ಸಿಗಬೇಕಾದರೆ ಬಾವಿಗೆ ಪಾತಾಳಗರಡಿ ಬಿಟ್ಟ ಹಾಗೆ ಸೌಟು ಬಿಡಬೇಕು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿ ಏನು ಹೇಳುತ್ತದೆ? ದಿನದ ಶಕ್ತಿಯಲ್ಲಿ ಧಾನ್ಯದ ಪಾಲು ನೂರಕ್ಕೆ 45 ದಾಟಬಾರದು. ಕೊಬ್ಬಿನಿಂದ 30ರವರೆಗೆ ಬರಬಹುದು. ಬೇಳೆಕಾಳು, ಮೊಟ್ಟೆ, ಮಾಂಸದಿಂದ 15ರ ತನಕ. ನಮ್ಮ ತಟ್ಟೆ ಈ ಲೆಕ್ಕದ ಹತ್ತಿರವೂ ಸುಳಿಯುವುದಿಲ್ಲ.

ಬರೀ ಅನ್ನ ಬೇಗ ಕರಗಿ ಸಕ್ಕರೆಯಾಗಿ ರಕ್ತಕ್ಕೆ ಇಳಿಯುತ್ತದೆ. ಕ್ಲಾಸಿನಲ್ಲಿ ತೂಕಡಿಕೆ, ರಾತ್ರಿ ಹತ್ತಕ್ಕೆ ಮತ್ತೆ ಹಸಿವು. 'ಇವರಿಗೆ ಓದು ತಲೆಗೆ ಹತ್ತಲ್ಲ' ಅನ್ನುವ ಮೇಷ್ಟ್ರು ನಮ್ಮ ಜಾತಿ ನೋಡುತ್ತಾರೆ, ತಟ್ಟೆ ನೋಡುವುದಿಲ್ಲ. ಕೊಬ್ಬು, ಪ್ರೋಟೀನು ಜೊತೆಗಿದ್ದರೆ ಊಟ ನಿಧಾನಕ್ಕೆ ಕರಗುತ್ತದೆ. ಸೊಪ್ಪಿನ ಎ ಜೀವಸತ್ವ ಮೈಗೆ ಹತ್ತುವುದಕ್ಕೂ ಚೂರು ಜಿಡ್ಡು ಬೇಕೇ ಬೇಕು. ಖರ್ಚಾಗದೆ ಮಿಕ್ಕ ಪಿಷ್ಟವನ್ನು ಮೈ ಕೊಬ್ಬು ಮಾಡಿ ಕೂಡಿಡುತ್ತದೆ. ಬಡವರ ಮನೆಗೂ ಸಕ್ಕರೆ ಕಾಯಿಲೆ ನುಗ್ಗಿರುವುದಕ್ಕೆ ಇದೂ ಒಂದು ಕಾರಣ.

ನಮ್ಮ ತಟ್ಟೆಯಲ್ಲಿ ಕೊಬ್ಬಿಲ್ಲದಿರುವುದು ಆಕಸ್ಮಿಕ ಅಲ್ಲ. ಜೈಪುರ ಸಂಸ್ಥಾನದ ಚಕ್ವಾರದಲ್ಲಿ ಅಸ್ಪೃಶ್ಯರು ಔತಣಕ್ಕೆ ತುಪ್ಪ ಬಡಿಸಿದರೆಂದು ನೂರಾರು ಸವರ್ಣೀಯರು ದೊಣ್ಣೆ ಹಿಡಿದು ಬಂದು ಊಟ ಹಾಳುಮಾಡಿದ್ದನ್ನು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಬರೆದಿದ್ದಾರೆ. ಕೊಳ್ಳುವ ಶಕ್ತಿಯಿದ್ದರೂ ತುಪ್ಪ ತಿನ್ನುವುದು ಸೊಕ್ಕು! 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಅಡ್ಡ ಬಂದವರು ಕೆಲವು ಮಠಾಧೀಶರು. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ ಪ್ರೋಟೀನು, 5 ಗ್ರಾಂ ಕೊಬ್ಬು. ಅಷ್ಟನ್ನೂ ಮಡಿಯ ತಕ್ಕಡಿಯಲ್ಲಿ ತೂಗಿದರು. ಕಡಿಮೆ ದುಡ್ಡಿಗೆ ಎರಡನ್ನೂ ಕೊಡುತ್ತಿದ್ದ ದನದ ಮಾಂಸಕ್ಕೆ 2020ರ ಕಾಯ್ದೆ ಬೀಗ ಜಡಿಯಿತು. 2013ರ ಆಹಾರ ಭದ್ರತಾ ಕಾಯ್ದೆ ರೇಷನ್ನಿಗೆ ಅಕ್ಕಿ, ಗೋಧಿ, ಒರಟು ಧಾನ್ಯದ ಹಕ್ಕು ಕೊಟ್ಟಿತು. ಬೇಳೆ, ಎಣ್ಣೆಯ ಹಕ್ಕು ಕೊಡಲಿಲ್ಲ. 'ಬಡವರಿಗೆ ಹೊಟ್ಟೆ ತುಂಬಿದರೆ ಸಾಲದೇ?' ಅನ್ನುತ್ತಾರೆ. ಚೀಲ ತುಂಬುವುದೂ ಮನುಷ್ಯರಿಗೆ ಉಣ್ಣಿಸುವುದೂ ಒಂದೇ ಅಲ್ಲ.

ನಮ್ಮ ತಪ್ಪನ್ನೂ ಹೇಳಿಕೊಳ್ಳೋಣ. ಅವ್ವ ಕಟ್ಟಿಕೊಟ್ಟ ಹುಚ್ಚೆಳ್ಳು ಪುಡಿಯನ್ನು ಟ್ರಂಕಿನ ತಳಕ್ಕೆ ಹಾಕಿ, ಕೈಯಲ್ಲಿದ್ದ ಕಾಸನ್ನು ಬೋಂಡಾ ಅಂಗಡಿಗೆ ಸುರಿಯುವವರು ನಾವೇ. ನಾಲ್ಕು ಮಂದಿ ಎದುರಿಗೆ ಮುದ್ದೆ ಮುರಿಯಲು ನಾಚುವವರೂ ನಾವೇ. ಕೊಬ್ಬು ಬೇಕು ಅಂದರೆ ನಾಲ್ಕು ಸಲ ಕಾಯಿಸಿದ ಕರಿ ಎಣ್ಣೆ ಬೇಕು ಅಂತಲ್ಲ. ಕಡಲೆಬೀಜದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಕೊಬ್ಬು, ಕಾಲು ಪಾಲು ಪ್ರೋಟೀನು. ದಿನಾ ಒಂದು ಹಿಡಿ ಸಾಕು.

ಆದ್ದರಿಂದ ನಾವು ಕೇಳುವುದು ಇಷ್ಟು. ಒಂದು ಹೊತ್ತು ಅನ್ನ ಬಿಟ್ಟು ಮುದ್ದೆ ಇಲ್ಲವೇ ರೊಟ್ಟಿ ಕೊಡಲಿ. ಸಾರಿನಲ್ಲಿ ಬೇಳೆ ಕಾಣಲಿ. ಮೊಟ್ಟೆ, ಕಡಲೆಬೀಜ ಬರಲಿ. ಒಮ್ಮೆ ಕರಿದ ಎಣ್ಣೆಯಲ್ಲಿ ಮತ್ತೆ ಕರಿಯಬಾರದು. ಉಗ್ರಾಣದಿಂದ ಹೊರಬೀಳುವ ಬೇಳೆ, ಎಣ್ಣೆಯನ್ನು ದಿನಾ ವಿದ್ಯಾರ್ಥಿಗಳ ಮುಂದೆ ತೂಗಿ ಗೋಡೆ ಮೇಲೆ ಬರೆಯಲಿ. ಅಡುಗೆಯವರ ಮೇಲೆ ಕೂಗಾಡಬೇಡಿ. ಅವರೂ ನಮ್ಮವರೇ, ಕೈಗೆ ಬಂದದ್ದನ್ನೇ ಬೇಯಿಸುತ್ತಾರೆ. ಕೇಳಬೇಕಾದ್ದು ಉಗ್ರಾಣದ ಬೀಗದಕೈ ಹಿಡಿದವರನ್ನು.

ಕೇಳಿದರೆ ಮತ್ತೆ 'ಇವರಿಗೆ ಕೊಬ್ಬು' ಅಂತಾರೆ. ಅನ್ನಲಿ. 'ಇಲ್ಲ ಸ್ವಾಮಿ, ಅದನ್ನೇ ಕೇಳ್ತಾ ಇರೋದು. ನಮ್ಮ ಪಾಲಿಂದು ತೂಕ ಮಾಡಿ ಕೊಡಿ' ಅನ್ನೋಣ.