ಅದ್ಭುತ ಕಾದಂಬರಿಗಳ ಓದು ಮತ್ತು ಮುಂದಿನ ಪುಸ್ತಕ

ಮಕ್ಕಳು ಹದಿಮೂರು ಹದಿನಾಲ್ಕರ ವಯಸ್ಸಿಗೆ ಬರುತ್ತಿದ್ದಂತೆ ಅವರ ಕೈಯಿಂದ ಮೊದಲು ಜಾರುವುದು ಕಥೆಪುಸ್ತಕ. ಹತ್ತನೆಯ ತರಗತಿಯ ಪರೀಕ್ಷೆ ಸಮೀಪಿಸಿದಂತೆಲ್ಲ ಅದು ಕಾಲಹರಣದ ಸಾಧನವೆನಿಸಿಕೊಳ್ಳುತ್ತದೆ. ಅದರಲ್ಲಿಯೂ ಮಾಂತ್ರಿಕರು, ಮಾತನಾಡುವ ಮೃಗಗಳು, ಮಾಯಾಲೋಕಗಳು ತುಂಬಿದ ಕಾದಂಬರಿಯೆಂದರೆ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಈ ಆತಂಕದ ಹಿಂದೆ ಮಕ್ಕಳ ಹಿತಚಿಂತನೆಯೇ ಇದೆಯೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೂ ವರ್ಷದಲ್ಲಿ ಒಂದು ತಿಂಗಳನ್ನು ಇಂತಹ ಕಾದಂಬರಿಗಳ ಓದಿಗೆ ಮೀಸಲಿಟ್ಟು, ಒಂದನ್ನು ಮುಗಿಸಿದ ವಿದ್ಯಾರ್ಥಿ ಮುಂದಿನದನ್ನು ತಾನೇ ಆರಿಸಿಕೊಳ್ಳುವಂತೆ ಮಾಡುವುದು ಪ್ರೌಢಶಾಲೆಗಳ ಕರ್ತವ್ಯಗಳಲ್ಲಿ ಒಂದಾಗಬೇಕು.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗೆ ಅದ್ಭುತವೆಂಬುದು ಹೊರಗಿನಿಂದ ಬಂದ ಸರಕಲ್ಲ. ಹನೂರು ತಾಲ್ಲೂಕಿನ ಎಪ್ಪತ್ತೇಳು ಮಲೆಗಳಲ್ಲಿ ಹುಲಿಯನ್ನೇರಿ ಸಂಚರಿಸಿದ ಮಹದೇಶ್ವರನ ಕಥೆಯನ್ನು ಕಂಸಾಳೆಯವರು ತಲೆಮಾರುಗಳಿಂದ ಹಾಡಿಕೊಂಡು ಬಂದಿದ್ದಾರೆ. ದೇವತೆಗಳನ್ನೇ ಸೆರೆಯಲ್ಲಿಟ್ಟು ಊಳಿಗಕ್ಕೆ ಹಚ್ಚಿದ ಶ್ರವಣದೊರೆಯ ಸಂಹಾರವೂ, ಗಂಡನ ಸಂಶಯಕ್ಕೆ ಗುರಿಯಾಗಿ ನರಳಿದ ಸಂಕಮ್ಮನ ಸಾಲೂ ಅದರಲ್ಲಿವೆ. ಚಿಕ್ಕಲ್ಲೂರಿನ ಸಿದ್ಧಪ್ಪಾಜಿ ಗುರುವಿನ ಆಜ್ಞೆಯಂತೆ ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಹೋಗಿ ಘೋರ ಪರೀಕ್ಷೆಗಳನ್ನು ಗೆದ್ದುಬರುವ ಕಥೆಯನ್ನು ನೀಲಗಾರರು ಹಾಡುತ್ತಾರೆ. ಯಳಂದೂರು 17ನೆಯ ಶತಮಾನದ ಷಡಕ್ಷರದೇವನ ನೆನಪನ್ನು ಉಳಿಸಿಕೊಂಡಿರುವ ಊರು. ಅವನ ರಾಜಶೇಖರ ವಿಳಾಸದಲ್ಲಿ ಕುದುರೆಯ ಕಾಲ್ತುಳಿತಕ್ಕೆ ಸಿಕ್ಕಿ ಸತ್ತ ಬಡ ತಾಯಿಯ ಮಗುವಿಗಾಗಿ ಅರಸನ ನ್ಯಾಯವೇ ಪರೀಕ್ಷೆಗೊಳಗಾಗುತ್ತದೆ. ರಾತ್ರಿಯಿಡೀ ಕುಳಿತು ಇಂತಹ ಕಥೆಗಳನ್ನು ಕೇಳಿದ ಜನ ಹುಲಿಸವಾರಿ ನಿಜವೇ ಸುಳ್ಳೇ ಎಂದು ವಾದಿಸಲಿಲ್ಲ. ಸಂಕಮ್ಮನಿಗಾದದ್ದು ನ್ಯಾಯವೇ ಎಂದು ಮರುಗಿದರು. ಅದ್ಭುತ ಕಥೆ ಮಾಡುವ ಕೆಲಸ ಇದೇ.

ಇಂದಿನ ಆಂಗ್ಲ ಕಾದಂಬರಿಗಳಲ್ಲಿ ಉತ್ತಮವಾದವು ಮಾಡುವುದೂ ಇದನ್ನೇ. 1997ರಿಂದ 2007ರವರೆಗೆ ಏಳು ಸಂಪುಟಗಳಲ್ಲಿ ಹೊರಬಂದ ಜೆ. ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಮಾಲೆಯ ನಾಯಕ ತಂದೆತಾಯಿಗಳನ್ನು ಕಳೆದುಕೊಂಡು, ವಸತಿಶಾಲೆಯೊಂದರಲ್ಲಿ ಗೆಳೆಯರನ್ನು ಸಂಪಾದಿಸಿಕೊಳ್ಳುವ ಬಾಲಕ. ಮನೆಯಿಂದ ದೂರವಾಗಿ ಪ್ರಸಾದ ನಿಲಯದಲ್ಲಿ ಬೆಳೆದು, ಗಂಟೆಯ ಸದ್ದಿಗೆ ಎದ್ದು, ಪಂಕ್ತಿಯಲ್ಲಿ ಕುಳಿತು ಉಂಡ ಹಳೆಯ ವಿದ್ಯಾರ್ಥಿಗಳಿಗೆ ಈ ಬಾಲಕನ ಮೊದಲ ರಾತ್ರಿಯ ಕಳವಳವನ್ನು ಯಾರೂ ವಿವರಿಸಬೇಕಾಗಿಲ್ಲ. ಅರ್ಸುಲಾ ಲೆ ಗ್ವಿನ್ 1968ರಲ್ಲಿ ಪ್ರಕಟಿಸಿದ 'ಎ ವಿಜರ್ಡ್ ಆಫ್ ಅರ್ಥ್‌ಸೀ'ಯಲ್ಲಿ ತರುಣ ಮಾಂತ್ರಿಕನೊಬ್ಬ ವಿದ್ಯಾಮದದಿಂದ ಒಂದು ಕರಾಳ ಛಾಯೆಯನ್ನು ಬಡಿದೆಬ್ಬಿಸುತ್ತಾನೆ. ಕೊನೆಗೆ ಅದನ್ನು ತಾನೇ ಬೆನ್ನಟ್ಟಿ ಎದುರಿಸಬೇಕಾಗುತ್ತದೆ. ಅಹಂಕಾರದ ಫಲವನ್ನು ಕುರಿತು ಹತ್ತು ಉಪದೇಶಗಳು ಹೇಳಲಾರದ್ದನ್ನು ಇಂತಹ ಒಂದು ಕಥೆ ಹೇಳಬಲ್ಲದು.

ಆದರೆ ಓದಿಗಿಂತಲೂ ಹೆಚ್ಚಿನ ಗಮನ ಸಲ್ಲಬೇಕಾದದ್ದು ಆಯ್ಕೆಗೆ. ಮಾಲೆಯಾಗಿ ಬರುವ ಕಾದಂಬರಿಗಳು ಮುಂದಿನ ಪುಸ್ತಕವನ್ನು ತಾವೇ ನಿರ್ಧರಿಸಿಬಿಡುತ್ತವೆ; ಓದುಗ ಹಿಂಬಾಲಿಸುತ್ತಾನೆ, ಆರಿಸುವುದಿಲ್ಲ. ಇನ್ನೊಂದೆಡೆ ಉಪಾಧ್ಯಾಯರೇ ಪಟ್ಟಿ ಕೊಟ್ಟರೆ ಅದು ಮತ್ತೊಂದು ಪಠ್ಯವಾಗುತ್ತದೆ. ಈ ಎರಡರ ನಡುವೆ ಸುಲಭವಾದ ದಾರಿಯೊಂದಿದೆ. ಪುಸ್ತಕ ಮುಗಿಸಿದ ವಿದ್ಯಾರ್ಥಿಯಿಂದ ಸಾರಾಂಶ ಬರೆಸದೆ, ಅದು ಮನಸ್ಸಿನಲ್ಲಿ ಯಾವ ಪ್ರಶ್ನೆಯನ್ನು ಉಳಿಸಿತೆಂದು ಕೇಳಬೇಕು. ಆ ಪ್ರಶ್ನೆಯೇ ಮುಂದಿನ ಪುಸ್ತಕದ ಕಡೆಗೆ ಕೈಮರವಾಗಬೇಕು. ಗುರುವಿನ ಕಠಿಣ ಆಜ್ಞೆಯನ್ನು ಏಕೆ ಪಾಲಿಸಬೇಕೆಂದು ಕೇಳಿದ ಹುಡುಗಿಗೆ ಸಿದ್ಧಪ್ಪಾಜಿಯ ಕಥೆಯನ್ನು ತೋರಿಸಬಹುದು. ಮಾಯೆಯಿಲ್ಲದೆಯೂ ಲೋಕ ವಿಸ್ಮಯಕರವಾಗಿರಬಲ್ಲದೇ ಎಂದು ಕೇಳಿದ ಹುಡುಗನಿಗೆ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಇದೆ. ಹಾರುವ ಓತಿಯನ್ನು ಅರಸಿ ವಿಜ್ಞಾನಿಯೊಬ್ಬರು ಹಳ್ಳಿಯ ಮಂದಣ್ಣನೊಡನೆ ಕಾಡು ಹೊಕ್ಕ 1980ರ ಆ ಕಾದಂಬರಿಯನ್ನು ಓದಿದವನು ಬಿಳಿಗಿರಿರಂಗನ ಬೆಟ್ಟದ ಕಾಡನ್ನು ಮೊದಲಿನಂತೆ ನೋಡಲಾರ. ಆರಿಸಿದ ಪುಸ್ತಕ ಹಿಡಿಸದಿದ್ದರೆ ಅದನ್ನು ಅರ್ಧಕ್ಕೆ ಬಿಡುವ ಅಧಿಕಾರವೂ ಓದುಗನಿಗೆ ಇರಲಿ. ತಪ್ಪಿ ಆರಿಸಿದವನೇ ಮುಂದೆ ಸರಿಯಾಗಿ ಆರಿಸುವುದನ್ನು ಕಲಿಯುತ್ತಾನೆ.

ಇದಕ್ಕೆ ಎರಡು ಅಡ್ಡಿಗಳಿವೆ. ಮೊದಲನೆಯದು, ತಾವು ಓದದ ಪುಸ್ತಕಗಳ ನಡುವೆ ಉಪಾಧ್ಯಾಯರು ದಾರಿ ತೋರಿಸಲಾರರು; ಆ ತಿಂಗಳು ಅವರೂ ಓದಲೇಬೇಕು. ಎರಡನೆಯದು ಇದಕ್ಕಿಂತ ಕಠಿಣವಾದದ್ದು. 1949ರಲ್ಲಿ ಕನ್ನಡದಲ್ಲಿ ಆರಂಭವಾದ 'ಚಂದಮಾಮ' ತನ್ನ ಧಾರಾವಾಹಿಗಳಿಂದ ಕೆಲವು ತಲೆಮಾರುಗಳನ್ನು ಓದಿಗೆ ಎಳೆದು ತಂದಿತು. ಈಗ ಅದು ನಿಂತುಹೋಗಿದೆ. ಬಾಲ್ಯವನ್ನು ದಾಟಿದ, ಪ್ರೌಢ ಕಾದಂಬರಿಗಳಿಗೆ ಇನ್ನೂ ಒಗ್ಗದ ವಯಸ್ಸಿನವರಿಗೆ ಕನ್ನಡದಲ್ಲಿ ಅದ್ಭುತ ಕಾದಂಬರಿಗಳು ವಿರಳ. ಆಂಗ್ಲ ಭಾಷೆ ಬಲ್ಲವರು ಆ ಕಡೆ ಹೊರಳುತ್ತಾರೆ. ಉಳಿದವರು ಓದನ್ನೇ ಬಿಡುತ್ತಾರೆ. ಹಳ್ಳಿಯ ಮಕ್ಕಳಿಗೆ ಆಗುವ ಈ ನಷ್ಟ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಆದುದರಿಂದಲೇ ಅದು ಯಾರ ಗಮನಕ್ಕೂ ಬರುವುದಿಲ್ಲ.

ವಿದ್ಯಾಸಂಸ್ಥೆಗಳಿಗೆ ನೆರವಾಗುವ ದಾನಿಗಳು ಕಟ್ಟಡಕ್ಕೂ ಪೀಠೋಪಕರಣಗಳಿಗೂ ಉದಾರವಾಗಿ ನೀಡುತ್ತಾರೆ, ಅದು ಸ್ತುತ್ಯರ್ಹ. ಆ ಔದಾರ್ಯದ ಒಂದಂಶ, ಮಕ್ಕಳು ತಾವೇ ಬಯಸಿ ಕೇಳಿದ ಪುಸ್ತಕಗಳಿಗೂ, ಉತ್ತಮ ಅನುವಾದಗಳನ್ನು ಮಾಡಿಸುವುದಕ್ಕೂ ಸಲ್ಲಲಿ. ಕೊಂಡ ಪುಸ್ತಕ ಬೀರುವಿನ ಬೀಗದೊಳಗೆ ಹೊಸದಾಗಿಯೇ ಉಳಿದರೆ ದಾನವೂ ವ್ಯರ್ಥ, ಗ್ರಂಥಾಲಯವೂ ವ್ಯರ್ಥ. ಅಂಚು ಸವೆದು, ಹೊಲಿಗೆ ಬಿಚ್ಚಿ, ಮತ್ತೆ ಮತ್ತೆ ರಟ್ಟು ಕಟ್ಟಿಸಿಕೊಂಡ ಪುಸ್ತಕವೇ ಶಾಲೆಯ ನಿಜವಾದ ಆಸ್ತಿ.