ಕೊಂಡ ಯಂತ್ರದ ಬೀಗದ ಕೈ ಯಾರಲ್ಲಿರಬೇಕು?



ಜಾತ್ರೆಯಲ್ಲಿ ಹಣ ಎಣಿಸಿ ಎತ್ತು ಕೊಂಡ ಮೇಲೂ ಮೂಗುದಾರ ಮಾರಿದವನ ಕೈಯಲ್ಲೇ ಇರುತ್ತದೆಂದರೆ ನೀವು ಒಪ್ಪುವಿರಾ? ಅಮೆರಿಕದಲ್ಲಿ ಮೊಬೈಲ್ ಫೋನ್ ಕೊಂಡವರಿಗೆ ಇಂಥದೇ ಪರಿಸ್ಥಿತಿ ಒದಗಿತ್ತು. ಅಲ್ಲಿನ ದೂರವಾಣಿ ಕಂಪನಿಗಳು ಫೋನನ್ನು ಕಡಿಮೆ ಬೆಲೆಗೆ ಇಲ್ಲವೆ ಕಂತಿನ ಮೇಲೆ ಕೊಟ್ಟು, ಬೇರೆ ಕಂಪನಿಯ ಸಿಮ್ ಹಾಕಿದರೆ ಅದು ಕೆಲಸ ಮಾಡದಂತೆ ಒಳಗೆ ಸಾಫ್ಟ್‌ವೇರ್ ಬೀಗ ಹಾಕುತ್ತಿದ್ದವು.

ಕಳ್ಳನಕಲು ತಡೆಯಲೆಂದು 1998ರಲ್ಲಿ ಬಂದ ಹಕ್ಕುಸ್ವಾಮ್ಯದ ಕಾನೂನು ಇಂಥ ಬೀಗ ತೆಗೆಯುವುದನ್ನು ನಿಷೇಧಿಸಿತು. ಮೂರು ವರ್ಷಕ್ಕೊಮ್ಮೆ ವಿನಾಯಿತಿ ಕೊಡುವ ಅಧಿಕಾರ ಅಲ್ಲಿನ ಸಂಸತ್ತಿನ ಗ್ರಂಥಾಲಯದ ಮುಖ್ಯಸ್ಥರದು. 2006ರಲ್ಲಿ ಫೋನಿಗೆ ದೊರೆತ ವಿನಾಯಿತಿ, 2013ರ ಜನವರಿ 26ರ ನಂತರ ಕೊಂಡ ಹೊಸ ಫೋನುಗಳಿಗೆ ಇಲ್ಲವಾಯಿತು. ಒಂದು ಲಕ್ಷಕ್ಕೂ ಹೆಚ್ಚು ಜನ ಸರ್ಕಾರಕ್ಕೆ ಮನವಿ ಸಲ್ಲಿಸಿದರು. 2014ರ ಆಗಸ್ಟ್ 1ರಂದು ಅಧ್ಯಕ್ಷ ಒಬಾಮ ಸಹಿ ಹಾಕಿದ ಕಾಯಿದೆ, ಬೀಗ ತೆಗೆಯುವ ಮತ್ತು ತೆಗೆಸಿಕೊಳ್ಳುವ ಹಕ್ಕನ್ನು ಫೋನಿನ ಒಡೆಯನಿಗೆ ಮರಳಿಸಿತು.

ಕೊಟ್ಟ ಸಾಲಕ್ಕೆ ಭದ್ರತೆ ಬೇಡವೇ ಎಂದು ಕಂಪನಿಯವರು ಕೇಳಬಹುದು. ಬಾಕಿ ಇರುವ ತನಕ ಬೀಗ ಇರಲಿ. ಆದರೆ ಸಾಲ ತೀರಿದ ಮೇಲೂ ಅಡವಿಟ್ಟ ಒಡವೆಯನ್ನು ಹಿಂದಿರುಗಿಸದಿದ್ದರೆ ಅದು ನ್ಯಾಯವಲ್ಲ.

ನಮ್ಮಲ್ಲಿ ಬಹುತೇಕ ಫೋನುಗಳು ಬೀಗವಿಲ್ಲದೆ ಮಾರಾಟವಾಗುತ್ತವೆ. ಹಾಗಿರುವಾಗ ಈ ಮಾತು ನಮಗೇಕೆ ಎಂದು ನೀವು ಕೇಳಬಹುದು. ಅದೇ 1998ರ ಕಾನೂನು ಅಮೆರಿಕದ ರೈತನ ಟ್ರಾಕ್ಟರಿನೊಳಗಿನ ಕಂಪ್ಯೂಟರಿಗೂ ತಗುಲಿತು. ತನ್ನದೇ ಟ್ರಾಕ್ಟರಿನ ದುರಸ್ತಿಗಾಗಿ ಬೀಗ ತೆಗೆಯಲು ಅವನಿಗೆ ವಿನಾಯಿತಿ ಸಿಕ್ಕಿದ್ದು 2015ರ ಆದೇಶದಲ್ಲಿ. ಅವನ ಪರವಾಗಿ ಮೆಕ್ಯಾನಿಕ್ ಆ ಕೆಲಸ ಮಾಡಲು ಅವಕಾಶವಾದದ್ದು 2018ರಲ್ಲಿ. ಕೃಷಿ ಯಂತ್ರದ ಬಿಡಿಭಾಗ, ಸಲಕರಣೆ, ಕೈಪಿಡಿಗಳನ್ನು ತಯಾರಕರು ರೈತರಿಗೆ ಒದಗಿಸಬೇಕೆಂದು ಕೊಲರಾಡೊ ರಾಜ್ಯ 2023ರಲ್ಲಿ ಕಾನೂನು ಮಾಡಿತು. ಸುಗ್ಗಿಯ ಕಾಲದಲ್ಲಿ ಯಂತ್ರ ನಿಂತರೆ ಬೆಳೆ ಕಾಯುವುದಿಲ್ಲವೆಂಬುದು ನಿಮಗೆ ಹೇಳಬೇಕಾದ ಮಾತಲ್ಲ.

ಕಂಪ್ಯೂಟರ್ ಅಳವಡಿಸಿದ ಯಂತ್ರಗಳು ನಮ್ಮ ಹೊಲಗಳಿಗೂ ಬರುತ್ತಿವೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿನ ಬಗ್ಗೆ ಸಮಿತಿ ರಚಿಸಿದಾಗ ಕೃಷಿ ಉಪಕರಣಗಳನ್ನೂ ಪಟ್ಟಿಗೆ ಸೇರಿಸಿತು. ಇದು ಒಳ್ಳೆಯ ಆರಂಭ. ಆದರೆ ಕಾನೂನು ಬರಲೆಂದು ಕಾಯುತ್ತ ಕೂರಬೇಡಿ. ಟ್ರಾಕ್ಟರ್, ಕಟಾವು ಯಂತ್ರ, ಡ್ರೋನ್ ಏನೇ ಕೊಳ್ಳುವಾಗಲೂ ಮೊದಲೇ ಕೇಳಿರಿ: ಊರಿನ ಮೆಕ್ಯಾನಿಕ್ ಇದನ್ನು ದುರಸ್ತಿ ಮಾಡಬಹುದೇ? ಬೇರೆ ಕಡೆಯ ಬಿಡಿಭಾಗ ಹಾಕಿದರೆ ಓಡುತ್ತದೆಯೇ? ಕಂತು ತೀರಿದ ಮೇಲೆ ಒಳಗೆ ಬೀಗವೇನಾದರೂ ಉಳಿಯುತ್ತದೆಯೇ? ಉತ್ತರವನ್ನು ಬರವಣಿಗೆಯಲ್ಲಿ ಪಡೆದುಕೊಂಡು, ಆಮೇಲೆ ಹಣ ಕೊಡಿರಿ.